ಆಟಿ ತಿಂಗಳ ಬೈಕು

"ಆಟಿ ಮುಗಿದ ವಾರವೇ ಪ್ರವೀತ್ ಬಂದು ಬೈಕ್ ಕೊಂಡುಹೋಗ್ತಾನಂತೆ ಅಪ್ಪ. ಅಷ್ಟರೊಳಗೆ ಅದನ್ನು ಸರಿ ಮಾಡಿ ಇಡಿ. ಹಾಳು ಮಾಡಿ ಕೊಟ್ರು ಅಂತ ಅವರ ಮನೆಯಲ್ಲಿ ಮಾತು ಬರುವುದು ಬೇಡ."

ಭವ್ಯಶ್ರೀ ಇದನ್ನು ಹೇಳಿದ್ದು ನಿಂತುಕೊಂಡೇ ಗಂಜಿ ಉಣ್ಣುತ್ತಾ. ಒಂಬತ್ತಕ್ಕೆ ಉಪ್ಪಳದಲ್ಲಿ ಸರಕಾರಿ ಅರ್ಜಿ ತುಂಬಿಸುವ ಅಕ್ಷಯ ಕೇಂದ್ರದಲ್ಲಿ ಅವಳು ಕಂಪ್ಯೂಟರಿನ ಮುಂದೆ ಕೂತಿರಬೇಕು. ಪುರುಷೋತ್ತಮಣ್ಣ ಒಣಸಿಗಡಿಯ ಚಟ್ನಿಯನ್ನು ಗಂಜಿಯ ಬಟ್ಟಲಿನ ಅಂಚಿಗೆ ತಾಗಿಸಿಟ್ಟು, ಮಗಳ ಮುಖ ನೋಡದೆ, ಸರಿ ಮಾಡುವ ಎಂದರು. ಕೊಂಡುಹೋಗುವುದು ಬೇಡ ಎನ್ನಲು ಬೈಕು ಅವರದ್ದಲ್ಲ. ಅಳಿಯ ವಿಜೇತನದ್ದು. ಪ್ರವೀತ್ ಅವನ ತಮ್ಮ.

ವಿಜೇತ ಶಾರ್ಜಕ್ಕೆ ಹೋಗಿ ಆರು ವರ್ಷವಾಯಿತು. ಹೋಗುವಾಗ ಮಗಳು ಪೂಜಾಶ್ರೀಗೆ ಒಂದು ವರ್ಷ. ನಡುವೆ ಎರಡು ಸಲ ರಜೆಯಲ್ಲಿ ಬಂದಿದ್ದ. ಎರಡನೆಯ ಸಲ ಬಂದು ಹೋದ ಮೇಲೆ ಭವ್ಯಳ ಹೊಟ್ಟೆಯಲ್ಲಿದ್ದ ಮಗು ಐದನೇ ತಿಂಗಳಿನಲ್ಲಿ ಹೋಯಿತು. ಅದರ ನಂತರ ಅವರಿಬ್ಬರ ಫೋನು ತಿಂಗಳಿಗೊಂದಾಗಿ, ಹಬ್ಬಕ್ಕೊಂದಾಗಿ, ಕೊನೆಗೆ ನಿಂತೇಹೋಯಿತು. ಈ ಜೂನಿನಲ್ಲಿ ಎರಡೂ ಕಡೆಯ ಹಿರಿಯರು ಇದೇ ಚಾವಡಿಯಲ್ಲಿ ಕೂತು, ಚಹಾ ಕುಡಿದು, ಇನ್ನು ಬೇರೆ ಬೇರೆ ಆಗುವುದೇ ಒಳ್ಳೆಯದೆಂದು ಮಾತು ಮುಗಿಸಿದ್ದರು. ಕಾಗದ ತಯಾರಾಗುವಾಗ ಆಟಿ ಹತ್ತಿರವಾಗಿತ್ತು, ಸಹಿ ಮಾತ್ರ ಬಾಕಿ. ಅದನ್ನು ತಡೆದು ನಿಲ್ಲಿಸಿದ್ದು ಪುರುಷೋತ್ತಮಣ್ಣನ ಹೆಂಡತಿ ತುಂಗಕ್ಕ.

"ಆಟಿಯಲ್ಲಿ ಯಾರೂ ಎಂತದ್ದೂ ಮಾಡುವ ಕ್ರಮ ಇಲ್ಲ. ಕೂಡಿಸುವುದೂ ಇಲ್ಲ, ಬಿಡಿಸುವುದೂ ಇಲ್ಲ. ಸೋಣ ಬರ್ಲಿ" ಎಂದಿದ್ದರು ಅವರು. ತುಳುವರ ಆಟಿ ಎಂದರೆ ಆಷಾಢದ ಹಾಗೆ ಶುಭಕಾರ್ಯ ಮಾಡದ ತಿಂಗಳು, ಸೋಣ ಅದರ ಮುಂದಿನದು; ಕ್ರಮದ ಮಾತಿಗೆ ಎದುರಾಡುವವರಿರಲಿಲ್ಲ. ಹಾಗೆ ಮನೆಗೆ ಒಂದು ತಿಂಗಳು ಸಿಕ್ಕಿತ್ತು.

ಬೈಕಿಗೆ ಸೌಖ್ಯವಿಲ್ಲದೆ ಹದಿನೈದು ದಿನವಾಗಿತ್ತು. ಓಡುವಾಗ ತೊಂದರೆಯಿಲ್ಲ. ಆಕ್ಸಿಲರೇಟರ್ ಬಿಟ್ಟ ಕೂಡಲೇ ಜ್ವರ ಬಂದವರ ಹಾಗೆ ನಡುಗುತ್ತಿತ್ತು, ಎರಡು ಸಲ ಏರಿ ಇಳಿದು ನಿಂತುಬಿಡುತ್ತಿತ್ತು. ಪೂಜಾಳನ್ನು ಶಾಲೆಗೆ ಬಿಡಲು ಹೊರಟರೆ ಹೈವೇಯ ಅಂಡರ್‌ಪಾಸಿನೊಳಗೇ ನಿಂತು, ಹಿಂದೆ ಆಟೋಗಳು ಸಾಲುಗಟ್ಟಿ ಹಾರನ್ ಹಾಕುತ್ತಿದ್ದವು. ಕಾಸರಗೋಡು-ಮಂಗಳೂರು ಲೈನಿನಲ್ಲಿ ಮೂವತ್ತೆರಡು ವರ್ಷ ಬಸ್ ಓಡಿಸಿದ ಮನುಷ್ಯನಿಗೆ ಹಿಂದಿನಿಂದ ಹಾರನ್ ಕೇಳಿಸಿಕೊಳ್ಳುವುದೆಂದರೆ ಕಪಾಳಕ್ಕೆ ಹೊಡೆಸಿಕೊಂಡ ಹಾಗೆ. ಆದರೆ ಅವರು ಓಡಿಸಿದ್ದೆಲ್ಲ ಡೀಸೆಲು. ಅದರಲ್ಲಿ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೋರೇಟರ್ ಎಂಬ ವಸ್ತುವೇ ಇಲ್ಲ.

ಅವತ್ತು ಭವ್ಯ ಬಸ್ಸಿಗೆ ಹೋದ ಮೇಲೆ ಅವರು ಅಡಿಗೆಮನೆಗೆ ತಾಗಿದ ಶೆಡ್ಡಿನಲ್ಲಿ ಕೂತು ಬಹಳ ಹೊತ್ತು ಕೈಯಲ್ಲಿ ಫೋನ್ ತಿರುಗಿಸಿದರು. ಮಳೆ ಬಿಟ್ಟ ಕೂಡಲೇ ಬೈಕು ಸ್ಟಾರ್ಟ್ ಮಾಡಿ, ವಾಯ್ಸ್ ಮೆಸೇಜಿನ ಗುಂಡಿ ಒತ್ತಿ ಹೇಳಿದರು:

"ವಿಜೇತ, ಮಾವ ಮಾತಾಡುದು. ನಿನ್ನ ಬೈಕಿನ ಇಂಜಿನ್ ನಿಂತಲ್ಲಿ ಓಡುದಿಲ್ಲ ಮಾರಾಯ. ನೀನೇ ಕೇಳು." ಮತ್ತೆ ಅರ್ಧ ನಿಮಿಷ ಫೋನನ್ನು ಇಂಜಿನ್ನಿನ ಹತ್ತಿರ ಹಿಡಿದರು.

ವಿಜೇತ ಶಾರ್ಜದಲ್ಲಿ ಗೋದಾಮಿನ ಸೂಪರ್‌ವೈಸರ್. ಅದಕ್ಕೆ ಮೊದಲು ಬಂದ್ಯೋಡಿನ ಕುಂಞಣ್ಣನ ವರ್ಕ್‌ಶಾಪಿನಲ್ಲಿ ಏಳು ವರ್ಷ ಬೈಕು ರಿಪೇರಿ ಮಾಡಿದವನು. ಅವನ ಉತ್ತರ ಹತ್ತು ನಿಮಿಷದಲ್ಲಿ ಬಂತು. ಸ್ವರ ಸ್ವಲ್ಪ ಒಡೆದಿತ್ತು. ಮಾವ, ಪೆಟ್ರೋಲ್ ತಲಪಾಡಿಯ ಆಚೆಯದ್ದಾ ಎಂದು ಕೇಳಿದ್ದ. ಹೌದಾಗಿತ್ತು. ಕೇರಳದ ಗಡಿ ದಾಟಿ ಕರ್ನಾಟಕಕ್ಕೆ ಹೋದರೆ ಲೀಟರಿಗೆ ನಾಲ್ಕೈದು ರೂಪಾಯಿ ಕಡಿಮೆ ಎಂದು ಆ ಊರಿನವರೆಲ್ಲ ಮಂಗಳೂರಿಗೆ ಹೋದಾಗ ಒಂದು ಕ್ಯಾನು ತುಂಬಿಸಿ ತಂದು ಮನೆಯಲ್ಲಿಟ್ಟುಕೊಳ್ಳುವವರೇ. ಮಳೆಗಾಲದಲ್ಲಿ ಕ್ಯಾನಿನೊಳಗೆ ನೀರಾಗುತ್ತದೆ, ಕಾರ್ಬೋರೇಟರಿನ ಕೆಳಗಿನ ಬಟ್ಟಲಿನಿಂದ ಪೆಟ್ರೋಲನ್ನು ಗಾಜಿನ ಬಾಟ್ಲಿಗೆ ಇಳಿಸಿ ನೋಡಿ, ನೀರಿದ್ದರೆ ಅಡಿಯಲ್ಲಿ ನಿಲ್ಲುತ್ತದೆ ಎಂದು ಅವನು ಒಂದೊಂದಾಗಿ ಹೇಳಿದ್ದ. ಕೊನೆಗೆ, "ಮಾಡಿ ನೋಡಿ ಮತ್ತೊಮ್ಮೆ ಸದ್ದು ಕಳಿಸಿ ಮಾವ" ಎಂದಿದ್ದ.

ನೀರಿರಲಿಲ್ಲ. ಸದ್ದು ಕಳಿಸಿದರು. ಪ್ಲಗ್ ಬಿಚ್ಚಿ ಫೋಟೋ ಕಳಿಸಲು ಹೇಳಿದ. ಅದರ ತುದಿ ಸುಣ್ಣ ಹಚ್ಚಿದ ಹಾಗೆ ಬಿಳಿ ಇತ್ತು. ಫೋಟೋ ಹೋಯಿತು. ಕಾರ್ಬೋರೇಟರಿನೊಳಗೆ ಪೆಟ್ರೋಲ್ ಬಿಡುವ ಪೈಲಟ್ ಜೆಟ್ಟನ್ನು ತೊಳೆಯಿರಿ, ವಯರಿನ ಒಂದು ಎಳೆ ಹಾಕಿ ಅದರ ತೂತು ಬಿಡಿಸಿ ಎಂದ. ಮನೆಯವರಿಗೆ ಗೊತ್ತಾಗದ ಹಾಗೆ ಈ ವಹಿವಾಟು ನಡೆಯುತ್ತಿತ್ತು. ಪುರುಷೋತ್ತಮಣ್ಣ ಸೂಜಿಮೊನೆಯಷ್ಟು ತೂತಿನ ಹಿತ್ತಾಳೆ ಜೆಟ್ಟನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡುವುದನ್ನು ಕಂಡ ತುಂಗಕ್ಕ, "ಮೂವತ್ತೆರಡು ವರ್ಷ ಬಸ್ ಬಿಟ್ಟವರಿಗೆ ಈಗ ಅಕ್ಕಸಾಲಿ ಕೆಲಸವಾ" ಎಂದು ಹಲಸಿನಬೀಜ ಜಜ್ಜಿದರು.

ಜೆಟ್ ತೊಳೆದರೂ ಬೈಕು ಕುಂಟುವುದು ನಿಲ್ಲಲಿಲ್ಲ. ವಿಜೇತನ ಸೂಚನೆಗಳು ಮಾತ್ರ ಸೂಕ್ಷ್ಮವಾಗುತ್ತಾ ಹೋದವು. ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿ, ಏಳೂವರೆ ಹೊತ್ತಿಗಾದರೆ ಒಳ್ಳೆಯದು ಎಂದ. ಫೋನನ್ನು ತೀರಾ ಹತ್ತಿರ ಹಿಡಿಯಬೇಡಿ, ಸ್ವಲ್ಪ ಈಚೆ, ಅಡಿಗೆಮನೆಯ ಕಿಟಕಿಯ ದಂಡೆಯಲ್ಲಿ ಇಟ್ಟರೆ ಸಾಕು ಎಂದ. ಅರ್ಧ ನಿಮಿಷ ಸಾಲುವುದಿಲ್ಲ, ಎರಡು ನಿಮಿಷ ಬೇಕು ಎಂದ. ಮೆಕ್ಯಾನಿಕನಿಗೆ ಗೊತ್ತಿರುತ್ತದೆ ಎಂದು ಪುರುಷೋತ್ತಮಣ್ಣ ಹೇಳಿದ್ದೆಲ್ಲ ಮಾಡಿದರು.

ಮೂರನೆಯ ವಾರ ಬೈಕು ಬಂದ್ಯೋಡಿನ ಹತ್ತಿರ ಕೆಟ್ಟುನಿಂತಾಗ ದೂಡಿಕೊಂಡು ಕುಂಞಣ್ಣನ ವರ್ಕ್‌ಶಾಪಿಗೇ ಹೋದರು. ಕುಂಞಣ್ಣನಿಗೆ ಎಪ್ಪತ್ತು ದಾಟಿದೆ. ಸ್ಟೂಲಿನಿಂದ ಏಳದೆ, ಸ್ಟಾರ್ಟ್ ಮಾಡಿ ಎಂದು ಕೈಸನ್ನೆ ಮಾಡಿದರು. ಒಂದು ಗಳಿಗೆ ಕೇಳಿದರು. ಕಾರ್ಬೋರೇಟರಿಗೂ ಇಂಜಿನ್ನಿಗೂ ನಡುವೆ ಇರುವ ರಬ್ಬರಿನ ತುಂಡಿನ ಅಡಿಭಾಗಕ್ಕೆ ಹೆಬ್ಬೆರಳು ಒತ್ತಿದರು. ಇಂಜಿನ್ ಚಕ್ಕನೆ ನೆಟ್ಟಗಾಗಿ ಒಂದೇ ತಾಳದಲ್ಲಿ ಓಡಿತು. ಬೆರಳು ತೆಗೆದರು, ಮತ್ತೆ ಕುಂಟಿತು.

"ರಬ್ಬರ್ ಬಿರಿದದ್ದು. ಬೇಡದ ಗಾಳಿ ಎಳೀತದೆ. ಪ್ಲಗ್ ಬಿಳಿ ಇತ್ತಾ?"

"ಇತ್ತು ಕುಂಞಣ್ಣ. ವಿಜೇತನಿಗೆ ಫೋಟೋ ಸಹ ಕಳಿಸಿದ್ದೆ. ಜೆಟ್ ತೊಳೀರಿ ಅಂದ. ತೊಳೆದೆ."

ಕುಂಞಣ್ಣ ಕೈ ಒರೆಸುತ್ತಿದ್ದವರು ನಿಲ್ಲಿಸಿದರು. "ಈ ಸದ್ದು ಕೇಳಿ, ಬಿಳಿ ಪ್ಲಗ್ ನೋಡಿ, ಅವನು ಜೆಟ್ ಅಂದ್ನಾ? ನನ್ನ ಶಿಷ್ಯ ಅವನು. ರಸ್ತೆಯಲ್ಲಿ ಹೋಗುವ ಬೈಕಿನ ರೋಗ ಇಲ್ಲಿ ಕೂತು ಹೇಳ್ತಿದ್ದ. ಅವನಿಗೆ ಮೊದಲ ದಿನವೇ ಗೊತ್ತಾಗ್ಬೇಕು ಪುರುಷೋತ್ತಮಣ್ಣ."

ಅವರು ಹೊಸ ರಬ್ಬರ್ ಹುಡುಕಲು ಒಳಗೆ ಹೋದಾಗ ಪುರುಷೋತ್ತಮಣ್ಣ ಬೆಂಚಿನಲ್ಲಿ ಕೂತು, ತಾವು ಕಳಿಸಿದ ಮೆಸೇಜುಗಳನ್ನು ಮೊದಲ ಸಲ ಕಿವಿಗೆ ಹಿಡಿದು ಕೇಳಿದರು. ಇಂಜಿನ್ ಏರುತ್ತಿತ್ತು, ಇಳಿಯುತ್ತಿತ್ತು. ಅದರ ಹಿಂದೆ ಅವರ ಮನೆ ಇತ್ತು. ತುಂಗಕ್ಕ ತೆಂಗಿನಕಾಯಿ ತುರಿಯುವ ಸದ್ದು. ಪೂಜಾ ಏಳರ ಮಗ್ಗಿಯಲ್ಲಿ ಏಳಾರ್ಲಿಗೆ ತಡವರಿಸಿ ಮತ್ತೆ ಮೊದಲಿನಿಂದ ಶುರು ಮಾಡುವುದು. "ಅಲುಗಾಡ್ಬೇಡ, ಜಡೆ ಓರೆ ಆಗ್ತದೆ" ಎನ್ನುವ ಭವ್ಯಳ ಸ್ವರ, ಬಾಯಲ್ಲಿ ಹೇರ್‌ಪಿನ್ ಕಚ್ಚಿಕೊಂಡಿರುವಾಗಿನದ್ದು. ಎರಡು ನಿಮಿಷದಲ್ಲಿ ಇಂಜಿನ್ ಐದಾರು ಸಲ ನಿಂತಿತ್ತು. ನಿಂತಾಗಲೆಲ್ಲ ಸ್ವರಗಳು ಸ್ಪಷ್ಟವಾಗಿದ್ದವು.

ಕುಂಞಣ್ಣ ರಬ್ಬರ್ ತಂದು ಬೈಕಿನ ಬುಡದಲ್ಲಿ ಕುಕ್ಕರಿಸಲು ಹೊರಟರು. ಪುರುಷೋತ್ತಮಣ್ಣ ಅದನ್ನು ಕೈಯಿಂದ ತೆಗೆದುಕೊಂಡು, ಮನೆಯಲ್ಲಿ ತಾನೇ ಹಾಕಿಕೊಳ್ಳುತ್ತೇನೆಂದರು.

ಹಾಕಲಿಲ್ಲ. ಮರುದಿನ ಏಳೂವರೆಗೆ ಎಂದಿನಂತೆ ಬೈಕು ಸ್ಟಾರ್ಟ್ ಮಾಡಿದರು, ಎಂದಿನಂತೆ ಅದು ಕುಂಟಿತು. ಪೂಜಾಳನ್ನು ಕರೆದು, ಕಿಟಕಿಯ ಹತ್ತಿರ ಬೆಳಕು ಚೆನ್ನಾಗಿದೆ, ಇಲ್ಲೇ ಕೂತು ಕನ್ನಡ ಪಾಠ ಓದು, ಜೋರಾಗಿ ಓದಿದರೆ ಬಾಯಿಪಾಠ ಆಗುತ್ತದೆ ಎಂದರು. ಒಳಗಿದ್ದ ಭವ್ಯಳನ್ನು, ಛತ್ರಿ ತಗೊಂಡೆಯಾ ಎಂದು ಕೇಳಿದರು. ತಗೊಂಡೆ ಎಂದಳು. ವಿಜೇತ ಆ ದಿನ ಮುಕ್ಕಾಲು ಗಂಟೆ ಬಿಟ್ಟು ಉತ್ತರಿಸಿದ. ಗಾಳಿಯ ಅಳತೆಯ ಏರ್ ಸ್ಕ್ರೂವನ್ನು ಮೆಲ್ಲ ಪೂರ್ತಿ ಮುಚ್ಚಿ, ಎರಡು ಸುತ್ತು ಬಿಟ್ಟು ನೋಡಿ ಮಾವ, ನಾಳೆ ಮತ್ತೆ ಕಳಿಸಿ ಎಂದ. ಇಬ್ಬರೂ ಸುಳ್ಳು ಹೇಳುತ್ತಿದ್ದರು, ಇಬ್ಬರೂ ಬಹಳ ಮರ್ಯಾದೆಯಲ್ಲಿ ಹೇಳುತ್ತಿದ್ದರು. ಮನೆಯ ಸದ್ದು ಕೇಳುವ ಮನಸ್ಸುಂಟಲ್ಲ ಎಂದುಕೊಂಡರು ಪುರುಷೋತ್ತಮಣ್ಣ. ಕೇಳಿ ಕೇಳಿ ಸಾಕಾಗದೆ ಒಂದು ದಿನ ಮಾತಾಡುವನು. ಆಟಿ ಮುಗಿಯಲು ಇನ್ನೂ ಹನ್ನೆರಡು ದಿನ ಇದೆ.

ರಬ್ಬರ್ ಸಿಕ್ಕಿದ್ದು ತುಂಗಕ್ಕನ ಕೈಗೆ, ಗಂಡನ ಅಂಗಿ ಒಗೆಯಲು ನೆನೆಸುವಾಗ, ಜೇಬಿನಲ್ಲಿ.

"ಇದು ಬೈಕಿನದ್ದಾ?"

"ಹೂಂ."

"ಹಾಕುವುದಿಲ್ವಾ?"

"ಹಾಕ್ತೇನೆ. ಅವಸರ ಎಂತ."

ತುಂಗಕ್ಕ ಗಂಡನ ಮುಖವನ್ನೂ ದಿನವೂ ಫೋನ್ ಇಡುವ ಕಿಟಕಿಯ ದಂಡೆಯನ್ನೂ ಒಂದೊಂದು ಸಲ ನೋಡಿದರು. ಕೈ ಒರೆಸಿ, ರಬ್ಬರನ್ನು ಅಕ್ಕಿಡಬ್ಬದ ಹಿಂದೆ ಇಟ್ಟರು. ಮರುದಿನ ಬೆಳಿಗ್ಗೆ ತುರಿಮಣೆ ಅಡಿಗೆಮನೆಯ ಮೂಲೆಯಿಂದ ಕಿಟಕಿಯ ಬುಡಕ್ಕೆ ಬಂದಿತ್ತು. ಮಳೆಗಾಲದ ಟ್ರಾಲಿಂಗ್ ನಿಷೇಧ ಮುಗಿದು ಬೋಟುಗಳು ಇಳಿದರೂ ಬೂತಾಯಿ ಮೀನು ಬಂದಿಲ್ಲವೆಂದು, ಭವ್ಯ ಸರಿಯಾಗಿ ಉಣ್ಣುವುದಿಲ್ಲವೆಂದು, ಪೂಜಾಳ ಎದುರಿನ ಹಲ್ಲು ಬಿದ್ದಿದೆಯೆಂದು ಅವರು ಯಾರನ್ನೂ ಉದ್ದೇಶಿಸದೆ ಹೇಳುತ್ತಾ ಹೋದರು. ಎಂದೂ ಅಷ್ಟು ಜೋರಾಗಿ ಮಾತಾಡುವ ಹೆಂಗಸಲ್ಲ.

ಭವ್ಯ ದಡ್ಡಿಯಲ್ಲ. ದಿನವೂ ನೂರು ಮಂದಿಯ ಅರ್ಜಿಯಲ್ಲಿ ತಪ್ಪು ಹುಡುಕುವ ಕೆಲಸ ಅವಳದ್ದು. ಒಂದು ಶನಿವಾರ, "ಛತ್ರಿ ತಗೊಂಡ್ಯಾ" ಎಂದು ಅಪ್ಪ ಆ ವಾರದ ಆರನೆಯ ಸಲ ಕೇಳಿದಾಗ ಅವಳು ನೇರ ಹೊರಗೆ ಬಂದಳು. ಹೊರಗೆ ಚೆನ್ನಾಗಿ ಬಿಸಿಲಿತ್ತು. ದಂಡೆಯ ಮೇಲಿದ್ದ ಫೋನ್ ಎತ್ತಿದಳು.

ಇಂಜಿನ್ ನಿಲ್ಲಿಸಿ, ಊಟದ ಮೇಜಿನ ಮೇಲೆ ಫೋನಿಟ್ಟು, ಕಳಿಸಿದ ಮೆಸೇಜುಗಳನ್ನು ಒಂದೊಂದಾಗಿ ಹಾಕಿದಳು. ಪತ್ರೊಡೆಯ ಬಟ್ಟಲುಗಳು ಹಾಗೆಯೇ ಇದ್ದವು. ಯಾರೂ ಕೈ ಹಾಕಲಿಲ್ಲ. ಅವಳ ಸ್ವರವೇ ಅವಳಿಗೆ ಕೇಳಿಸುತ್ತಿತ್ತು: ತಗೊಂಡೆ ಅಪ್ಪ. ತಗೊಂಡೆ. ಆ ಬಾಟ್ಲಿಯಲ್ಲಿ ನೀರು ತುಂಬಿಸು. ನನಗೆ ಇವತ್ತು ತಡ ಆಗ್ತದೆ ಅಮ್ಮ.

"ಇದು ಎಷ್ಟು ದಿನದಿಂದ?"

ಪುರುಷೋತ್ತಮಣ್ಣ ಮೊದಲಿಗೆ ಅದು ಬೈಕಿನ ವಿಷಯ ಎಂದರು. ಮತ್ತೆ, ಬೈಕಿನದ್ದಲ್ಲವೆಂದೂ ಒಪ್ಪಿದರು. "ಅವನಿಗೆ ನಿಮ್ಮ ಸ್ವರ ಕೇಳ್ಬೇಕಂತ ಆಸೆ ಇತ್ತು ಮಗಾ. ಬಾಯಿ ಬಿಟ್ಟು ಹೇಳ್ಲಿಕ್ಕೆ ನಾಚಿಕೆ."

"ನಾಚಿಕೆಗೆ ನಾನು ಎಂತ ಮಾಡ್ಲಿ?" ಭವ್ಯಳ ಸ್ವರ ಏರಲಿಲ್ಲ. "ಮಗು ಹೋದ ದಿನ ಆಸ್ಪತ್ರೆಯ ಮಂಚದಿಂದ ಫೋನ್ ಮಾಡಿದ್ದೆ ಅಪ್ಪ. ಕೆಲಸದಲ್ಲಿದ್ದೇನೆ, ಮತ್ತೆ ಮಾಡ್ತೇನೆ ಅಂದ್ರು. ಮತ್ತೆ ಅಂದ್ರೆ ಹನ್ನೊಂದು ದಿನ. ಹನ್ನೊಂದನೇ ದಿನ ಮಾಡಿ ಎಂತ ಕೇಳಿದ್ದು ಗೊತ್ತುಂಟಾ? ಬೈಕ್ ವಾರಕ್ಕೊಮ್ಮೆ ಸ್ಟಾರ್ಟ್ ಮಾಡ್ತೀರಾ ಅಂತ."

ತುಂಗಕ್ಕ ಬಟ್ಟಲುಗಳನ್ನು ಸರಿಸಿದರು. "ಗಂಡಸರು ಹಾಗೆ ಮಗಾ. ಅವರಿಗೆ ಕೇಳ್ಲಿಕ್ಕೆ ಬರುವುದಿಲ್ಲ" ಎಂದರು.

"ನಿಮಗೆ ಗೊತ್ತಿತ್ತಾ ಅಮ್ಮ?"

ತುಂಗಕ್ಕ ಪತ್ರೊಡೆಯ ಬಟ್ಟಲಿಗೆ ಮುಚ್ಚಳ ಹಾಕಿದರು.

"ನನ್ನ ನಂಬರ್ ಉಂಟಲ್ಲ ಅವರ ಹತ್ತಿರ. ಆರು ವರ್ಷದಲ್ಲಿ ಬದಲಾಗ್ಲಿಲ್ಲ. ಕಿಟಕಿಯಲ್ಲಿ ಕಿವಿ ಇಟ್ಟು ಕೇಳುವವರಿಗೆ ನೀವಿಬ್ಬರೂ ಕಿಟಕಿ ತೆಗೆದು ಕೊಟ್ಟಿರಿ. ನನ್ನನ್ನು ಒಂದು ಮಾತು ಕೇಳ್ಲಿಲ್ಲ." ಅವಳು ಬ್ಯಾಗ್ ಹೆಗಲಿಗೆ ಹಾಕಿಕೊಂಡಳು. ಬೈಕ್ ಸರಿಯಾದ ಮೇಲೆ ಒಂದು ಸಲ ಕಳಿಸಬಹುದು, ಇಂಜಿನ್ ಸದ್ದು ಮಾತ್ರ, ತಮ್ಮ ಯಾರ ಸ್ವರವೂ ಬೇಡ ಎಂದು ಹೇಳಿ ಬಸ್ಸಿಗೆ ನಡೆದಳು.

ಆ ದಿನ ಪುರುಷೋತ್ತಮಣ್ಣ ಉಣ್ಣಲಿಲ್ಲ. ಮಗಳು ಹೇಳಿದ್ದರಲ್ಲಿ ತಪ್ಪು ಹುಡುಕಿದರು, ಸಿಗಲಿಲ್ಲ. ಸಂಜೆ ಇಂಜಿನ್ ಸ್ಟಾರ್ಟ್ ಮಾಡದೆಯೇ ಫೋನ್ ಕೈಗೆತ್ತಿಕೊಂಡರು.

"ವಿಜೇತ, ಬೈಕಿಗೆ ಎಂತ ಆಗಿದೆ ಅಂತ ನಿನಗೂ ಗೊತ್ತುಂಟು, ನನಗೂ ಗೊತ್ತುಂಟು. ಅದು ಬಿಡು. ಭವ್ಯನಿಗೆ ಒಂದು ಫೋನ್ ಮಾಡು. ಕೋಪದಲ್ಲಿ ಎತ್ತದಿದ್ರೆ ಇನ್ನೊಮ್ಮೆ ಮಾಡು. ಎಂತ ಮಾತಾಡುದು ಅಂತ ಗೊತ್ತಾಗದಿದ್ರೆ ಸುಮ್ಮನೆ ಇರು, ಆದರೆ ಫೋನ್ ಮಾಡು."

ಮೆಸೇಜಿನ ಕೆಳಗಿನ ಎರಡು ಗೀಟುಗಳು ಕೂಡಲೇ ನೀಲಿಯಾದವು, ಅವನು ನೋಡಿಯಾಗಿತ್ತು.

ಮತ್ತೆ ನಾಲ್ಕು ದಿನ ಪುರುಷೋತ್ತಮಣ್ಣ ಭವ್ಯಳ ಫೋನಿಗೆ ಕಾವಲು ಕೂತರು. ಅದು ಚಾರ್ಜಿಗಿಟ್ಟಲ್ಲಿಯೇ ಪೇಪರ್ ಓದಿದರು. ಅವಳು ಸ್ನಾನಕ್ಕೆ ಹೋದಾಗ ಬಾಗಿಲಿನ ಹೊರಗೆ ಅಡ್ಡಾಡಿದರು. ಎರಡು ಸಲ ರಿಂಗಾಯಿತು. ಒಂದು ಅವಳ ಅಕ್ಷಯದಿಂದ, ರೇಷನ್ ಕಾರ್ಡಿನ ಸೈಟ್ ತೆರೆಯುವುದಿಲ್ಲವೆಂದು. ಇನ್ನೊಂದು ತಪ್ಪು ನಂಬರು. ಎರಡನೆಯದಕ್ಕೆ ಭವ್ಯ ಒದ್ದೆಕೈಯಲ್ಲೇ ಓಡಿಬಂದು ಹಲೋ ಎಂದದ್ದನ್ನು, ಮತ್ತೆ ಏನೂ ಆಗದವಳಂತೆ ಬಟ್ಟೆ ಹಿಂಡಲು ಹೋದದ್ದನ್ನು ಅವರು ಪೇಪರಿನ ಮರೆಯಿಂದ ನೋಡಿದರು. ಅಷ್ಟೆಲ್ಲ ಕೋಪದ ಅಡಿಯಲ್ಲಿ ಅವಳೂ ಕಾಯುತ್ತಿದ್ದಳು ಎಂಬುದು ಅವರಿಗೆ ತಿಳಿದದ್ದು ಆಗಲೇ. ತಿಳಿಯದಿದ್ದರೆ ಚೆನ್ನಾಗಿತ್ತು.

ಐದನೆಯ ದಿನ ಬೆಳಿಗ್ಗೆ ಅವರದ್ದೇ ಫೋನಿಗೆ ಮೆಸೇಜ್ ಬಂತು. ಕೂಡಲೇ ಒತ್ತಿದರು.

"ಮಾವ, ಏರ್ ಸ್ಕ್ರೂ ಎರಡು ಬೇಡ, ಒಂದೂವರೆ ಸುತ್ತಿಗೆ ಇಟ್ಟು ನೋಡಿ. ಸದ್ದು ಕಳಿಸಿ."

ಪುರುಷೋತ್ತಮಣ್ಣ ಅದನ್ನು ಇನ್ನೊಮ್ಮೆ ಹಾಕಿ ಕೇಳಿದರು, ಬೇರೆ ಏನಾದರೂ ಇರಬಹುದೇ ಎಂದು. ಇರಲಿಲ್ಲ. ಅವನ ಹಿಂದೆ ಯಾವುದೋ ಲಾರಿ ಹಿಮ್ಮುಖವಾಗಿ ಬರುವ ಕೀಂಕೀಂ ಮಾತ್ರ ಕೇಳುತ್ತಿತ್ತು. ಒಳಗೆ ಹೋಗಿ ಅಕ್ಕಿಡಬ್ಬದ ಹಿಂದಿನಿಂದ ರಬ್ಬರ್ ತಂದರು. ತುಂಗಕ್ಕ ಕೂರಲು ಮಣೆ ತಂದುಕೊಟ್ಟರು. ಎರಡು ಬೋಲ್ಟು, ಎರಡು ಕ್ಲಿಪ್ಪು. ಹಳೆಯ ರಬ್ಬರನ್ನು ಮಡಚಿದರೆ ಬಿರುಕು ಬಾಯಿ ತೆರೆಯುತ್ತಿತ್ತು. ಕೆಲಸ ಇಪ್ಪತ್ತು ನಿಮಿಷಕ್ಕೆ ಮುಗಿಯಿತು. ಕಿಕ್ ಹೊಡೆದರು. ಇಂಜಿನ್ ಒಂದೇ ಏಟಿಗೆ ಹತ್ತಿಕೊಂಡು, ನಿಂತಲ್ಲಿ ನಿಂತು, ಒಳ್ಳೆಯ ನಿದ್ದೆಯಲ್ಲಿರುವವರ ಉಸಿರಿನಂತೆ ಓಡಿತು. ಅಷ್ಟು ಚೆನ್ನಾಗಿ ಓಡುವುದನ್ನು ಕೇಳುತ್ತಾ ಕೂರಲಾಗದೆ ಅವರು ಬೇಗ ಆಫ್ ಮಾಡಿದರು.

ಸೋಣ ಸಂಕ್ರಮಣ ಕಳೆದು ಮೂರನೆಯ ದಿನ ಪ್ರವೀತ್ ಬಂದ. ಒಳ್ಳೆಯ ಹುಡುಗ, ಉಪ್ಪಳದ ಬ್ಯಾಂಕಿನಲ್ಲಿ ಕೆಲಸ. ಮೆಟ್ಟಿಲ ಮೇಲೆಯೇ ಕೂತು, ಒಳಗೆ ಬರಲು ಮುಜುಗರಪಟ್ಟ. ತುಂಗಕ್ಕ ಬೆಲ್ಲದ ಚಹಾ ಕೊಟ್ಟರು. ಅತ್ತಿಗೆ ಎಂದು ಕರೆಯಲು ಬಾಯಿ ತೆರೆದವನು, ಏನೆಂದು ಕರೆಯಬೇಕೋ ತಿಳಿಯದೆ, ಭವ್ಯಳ ಕೈಯಿಂದ ಆರ್‌ಸಿ ಪುಸ್ತಕ ತೆಗೆದುಕೊಂಡ. ಪೂಜಾಳ ತಲೆ ಸವರಿದ.

ಪುರುಷೋತ್ತಮಣ್ಣ ಬೈಕನ್ನು ಅಂಗಳಕ್ಕೆ ಇಳಿಸಿ ಮಗಳ ಮುಖ ನೋಡಿದರು. ಕಳಿಸಿ ಎಂಬಂತೆ ಅವಳು ತಲೆಯಾಡಿಸಿದಳು. ತಾನೇ ಅಡಿಗೆಮನೆಗೆ ಹೋಗಿ ತಿರುಗುತ್ತಿದ್ದ ಗ್ರೈಂಡರ್ ನಿಲ್ಲಿಸಿ ಬಂದಳು. ಪೂಜಾಳ ಬಾಯಿಯ ಮೇಲೆ ಮೆಲ್ಲ ಕೈಯಿಟ್ಟಳು. ಇಂಜಿನ್ ಹತ್ತಿಕೊಂಡಿತು. ಪುರುಷೋತ್ತಮಣ್ಣ ಗುಂಡಿ ಒತ್ತಿ ಹಿಡಿದರು. ತುಂಗಕ್ಕ ಚಹಾದ ತಟ್ಟೆಯನ್ನು ಎದೆಗೊತ್ತಿಕೊಂಡು, ಪ್ರವೀತ್ ಹೆಲ್ಮೆಟನ್ನು ಕೈಯಲ್ಲಿ ಹಿಡಿದು, ಎಲ್ಲರೂ ಶಾಲೆಯ ಪ್ರಾರ್ಥನೆಗೆ ನಿಂತವರಂತೆ ನಿಂತರು. ಎರಡು ನಿಮಿಷ. ಇಂಜಿನ್ ಒಂದು ಸಲವೂ ತಪ್ಪಲಿಲ್ಲ, ಯಾರೂ ಕೆಮ್ಮಲಿಲ್ಲ. ಬೆರಳು ಎತ್ತಿದರು. ಹೋಯಿತು.

ತಾಯಿಯ ಕೈ ಸರಿಸಿ ಪೂಜಾ ಪಿಸುಗುಟ್ಟಿದಳು: "ಈಗ ಮಾತಾಡ್ಬಹುದಾ ಅಜ್ಜ?"

"ಮಾತಾಡು ಮಗಾ."

ಪ್ರವೀತ್ ಹೆಲ್ಮೆಟ್ ಹಾಕಿ ಹೊರಟ. ಗೇಟಿನ ತಿರುವಿನಲ್ಲಿ ಆಕ್ಸಿಲರೇಟರ್ ಬಿಟ್ಟು ಒಮ್ಮೆ ನಿಂತ, ಇಂಜಿನ್ ನಿಲ್ಲಲಿಲ್ಲ, ಎಡಕ್ಕೆ ಹೈವೇಯ ಕಡೆ ತಿರುಗಿದ. ಪುರುಷೋತ್ತಮಣ್ಣನ ಕೈಯಲ್ಲಿ ಫೋನ್ ಇನ್ನೂ ಬೆಳಗುತ್ತಿತ್ತು. ಗೀಟುಗಳು ನೀಲಿಯಾದವು. ವಿಜೇತನ ಹೆಸರಿನ ಕೆಳಗೆ, ಅವನು ಸ್ವರ ರೆಕಾರ್ಡ್ ಮಾಡುತ್ತಿದ್ದಾನೆ ಎಂದು ಹೇಳುವ ಹಸಿರು ಅಕ್ಷರ ಮೂಡಿತು. ಭವ್ಯ ಅಪ್ಪನ ಹೆಗಲ ಪಕ್ಕಕ್ಕೆ ಬಂದು ನಿಂತಳು. ಅಕ್ಷರ ಬಹಳ ಹೊತ್ತು ಅಲ್ಲಿಯೇ ಇತ್ತು, ಹೋಯಿತು, ಮತ್ತೆ ಬಂತು. ಎರಡನೆಯ ಸಲ ಹೋದದ್ದು ಮತ್ತೆ ಬರಲಿಲ್ಲ. ಮೆಸೇಜೂ ಬರಲಿಲ್ಲ. ಭವ್ಯ ಇನ್ನೊಂದು ನಿಮಿಷ ನಿಂತಳು. ಮತ್ತೆ ಒಳಗೆ ಹೋಗಿ ಗ್ರೈಂಡರ್ ಹಾಕಿದಳು.